ಎಲೆಯ ಅಂಚಿನ ಒಂದು ತುತ್ತು

ಮದುವೆ ಊಟದಲ್ಲಿ ಈಗೀಗ ನನಗೆ ಸೋಲು ಖಾತ್ರಿ. ಮೇಲಿನ ಸಾಲಿನ ಹಲ್ಲು ಡಾಕ್ಟರು ಕಟ್ಟಿದ್ದು, ಕೆಳಗಿನದು ದೇವರು ಕೊಟ್ಟಿದ್ದು. ಇಬ್ಬರ ಕೆಲಸಕ್ಕೂ ಹೊಂದಾಣಿಕೆ ಇಲ್ಲ. ನಾನು ಸಾರನ್ನದಲ್ಲಿರುವಾಗ ಪಕ್ಕದವರು ಹೋಳಿಗೆ ಮುಗಿಸಿರುತ್ತಾರೆ. ನಾನು ಹೋಳಿಗೆಗೆ ಬರುವ ಹೊತ್ತಿಗೆ ಮುಂದಿನ ಪಂಕ್ತಿಯವರು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರೆ. (ತಲೆಯ ಮೇಲೆ ಹಾಗೆ ಉಸಿರು ಬಿಡುವವರ ಕೆಳಗೆ ಕೂತು ಪಾಯಸ ಕುಡಿಯುವುದಕ್ಕೆ ಎಂಟೆದೆ ಬೇಕು, ನಂಬಿ.)

ಹೋದ ಭಾನುವಾರ ತೀರ್ಥಹಳ್ಳಿಯಲ್ಲೂ ಹೀಗೇ ಆಯಿತು. ಕಾಲೇಜಿನ ದಿನಗಳ ಗೆಳೆಯ ದುಗ್ಗಪ್ಪನ ಮೊಮ್ಮಗನ ಮದುವೆ. ನಾನಿನ್ನೂ ಮೊಸರನ್ನ ಕಲಸುತ್ತಿದ್ದೆ. ಆ ಕಡೆಯ ನಾಲ್ವರು ಎದ್ದರು. ಎದುರು ಸಾಲಿನವರು ಎದ್ದರು. ಟೇಬಲ್ಲಿಗೆ ಹಾಸಿದ ಪೇಪರನ್ನು ಎಲೆಗಳ ಸಮೇತ ಸುತ್ತಿಕೊಂಡು ಬರುವವನು ಆ ತುದಿಯಿಂದ ಶುರು ಮಾಡೇ ಬಿಟ್ಟ. ನಾನು ಗಾಬರಿಯಲ್ಲಿ ದೊಡ್ಡ ತುತ್ತು ಮಾಡಿಕೊಂಡೆ.

"ನಿಧಾನಕ್ಕೆ ಉಣ್ಣಿ ಅಜ್ಜ, ಎಂತ ಅರ್ಜೆಂಟಿಲ್ಲ."

ಬಲಗಡೆಯಿಂದ ದನಿ. ತಿರುಗಿ ನೋಡಿದರೆ ಹದಿನೆಂಟರ ಒಬ್ಬ ಹುಡುಗಿ. ಇಡೀ ಸಾಲಿನಲ್ಲಿ ಉಳಿದವರು ನಾನು ಮತ್ತು ಅವಳು. ಮಾತಾಡಿಸಿದೆ. ದುಗ್ಗಪ್ಪನ ಮೊಮ್ಮಗಳಂತೆ. ಮದುಮಗನ ಚಿಕ್ಕಪ್ಪನ ಮಗಳು. ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ಬರುವ ಸೋಮವಾರ ಹಾಸ್ಟೆಲಿಗೆ ಹೊರಡಬೇಕು, ಹೆದರಿಕೆ ಆಗ್ತಾ ಇದೆ ಅಂದಳು.

"ನಿಂದು ಊಟ ಆಗಿದೆಯಲ್ಲ ಮಗಾ? ಏಳು, ಕೈ ಒಣಗಿದೆ" ಅಂದೆ.

"ಇಲ್ಲ ಅಜ್ಜ, ನಂದೂ ಇದೆ. ನೋಡಿ."

ನೋಡಿದೆ. ಒರೆಸಿ ಇಟ್ಟಂತಿದ್ದ ಎಲೆ. ಅದರ ಅಂಚಿನಲ್ಲಿ, ಉಪ್ಪು ಬಡಿಸಿದ ಜಾಗದ ಹತ್ತಿರ, ಒಂದೇ ಒಂದು ತುತ್ತು ಅನ್ನ. ಕಲಸಿ, ಉಂಡೆ ಮಾಡಿ, ಇಟ್ಟುಕೊಂಡಿದ್ದಳು. ಉಣ್ಣುತ್ತಿರಲಿಲ್ಲ.

ನನ್ನ ಕೈ ನಿಂತುಹೋಯಿತು. ಆ ಒಂದು ತುತ್ತನ್ನು ನಾನು ಮೊದಲೂ ನೋಡಿದ್ದೆ. ಬಾಳೆಲೆಯ ಮೇಲಲ್ಲ, ಹಾಸ್ಟೆಲಿನ ಅಲ್ಯೂಮಿನಿಯಂ ತಟ್ಟೆಯಲ್ಲಿ. ಸುಮಾರು ಅರವತ್ತು ವರ್ಷದ ಹಿಂದೆ.

ಅರವತ್ತರ ದಶಕದ ನಡುವಿನ ಮಾತು. ಪಿಯುಸಿ ಮುಗಿಸಿ ಇಂಜಿನಿಯರಿಂಗ್ ಸೇರುವುದೆಂದರೆ ಊರಿಗೆಲ್ಲ ಸುದ್ದಿ. ಸಾಗರ ಪೇಟೆಯಲ್ಲಿ ನಮ್ಮಪ್ಪ ಗುಮಾಸ್ತರು. ಅವರು ನನಗೆ ಸೀಟು ಸಿಕ್ಕಿದ ಮಾತನ್ನು ಕ್ಷೌರದ ಅಂಗಡಿಯಲ್ಲಿ ಒಮ್ಮೆ ಹೇಳಿದರು, ಅಷ್ಟೇ. ಸಂಜೆಯೊಳಗೆ ಮೂರು ಜನ ತಮ್ಮ ಮನೆಯ ಕೆಟ್ಟ ಗೋಡೆ ಗಡಿಯಾರ ತಂದು ನನ್ನ ಮುಂದಿಟ್ಟರು. ಇನ್ನೂ ಕಾಲೇಜಿನ ಬಾಗಿಲು ನೋಡಿರಲಿಲ್ಲ ನಾನು!

ಕಾಲೇಜು ಬಯಲುಸೀಮೆಯ ಒಂದು ಊರಿನಲ್ಲಿ. (ಹೆಸರು ಬೇಡ. ಆ ಊರಿನ ಓದುಗರು ನನಗೆ ಕಾಗದ ಬರೆಯುವುದರಲ್ಲಿ ನಿಸ್ಸೀಮರು.) ಹಾಸ್ಟೆಲಿನ ರೂಮಿಗೆ ಹೋದಾಗ ಅಲ್ಲಾಗಲೇ ಒಬ್ಬ ತನ್ನ ಟ್ರಂಕಿನ ಮೇಲೆ ಕೂತಿದ್ದ. ಮಂಚದ ಮೇಲಲ್ಲ, ಟ್ರಂಕಿನ ಮೇಲೆ. ಎರಡು ಮಂಚದಲ್ಲಿ ನನಗೆ ಯಾವುದು ಬೇಕೋ ಗೊತ್ತಿಲ್ಲವಲ್ಲ, ಅದಕ್ಕೆ ಕಾದು ಕೂತಿದ್ದನಂತೆ. ನಾನು ಕಿಟಕಿ ಪಕ್ಕದ್ದು ಹಿಡಿದೆ. ಥ್ಯಾಂಕ್ಸ್ ಅಂತಲೂ ಹೇಳಲಿಲ್ಲ.

ಅವನೇ ದುಗ್ಗಪ್ಪ. ಕವಲೇದುರ್ಗದ ಗುಡ್ಡದ ಬುಡದ ಒಂದು ಹಳ್ಳಿಯವನು. ಗೇಣಿಗೆ ಗದ್ದೆ ಮಾಡುವ ಮನೆ. ಮನೆ ತುಂಬ ಜನ. ಇವನು ಓದಲಿ ಅಂತ ಅಣ್ಣ ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟು ನೇಗಿಲು ಹಿಡಿದಿದ್ದ. ಇಷ್ಟನ್ನು ಹೇಳಲು ದುಗ್ಗಪ್ಪ ಒಂದು ವಾರ ತೆಗೆದುಕೊಂಡ. ಅಷ್ಟರಲ್ಲಿ ನಾನು ನಮ್ಮ ವಂಶದ ಏಳು ತಲೆಮಾರನ್ನು ಅವನಿಗೆ ಹೇಳಿ ಮುಗಿಸಿದ್ದೆ.

ಮೊದಲ ವರ್ಷ ಅಂದರೆ ಏನು ಅಂತ ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಆ ಊರಿನ ಧೂಳಿಗೆ ಅಂಗಿಯ ಕಾಲರು ಒಂದು ವಾರಕ್ಕೇ ಕೆಂಪು. ಸೀನಿಯರ್‌ಗಳು ಎದುರು ಬಂದರೆ ಸೆಲ್ಯೂಟ್. ಮೇಷ್ಟ್ರು ಕರಿಹಲಗೆಯ ಕಡೆ ಮುಖ ಮಾಡಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ನಾವು ಅವರ ಬೆನ್ನು ನೋಡುತ್ತಾ ಕೂತಿರುತ್ತಿದ್ದೆವು. ಇನ್ನು ಡ್ರಾಯಿಂಗು. ಒಂದೇ ಕಬ್ಬಿಣದ ತುಂಡನ್ನು ಮೇಲಿನಿಂದ ನೋಡಿದರೆ ಹೇಗೆ, ಮುಂದಿನಿಂದ ಹೇಗೆ, ಪಕ್ಕದಿಂದ ಹೇಗೆ ಅಂತ ಮೂರು ಚಿತ್ರ ಬರೆಯಬೇಕು. ದುಗ್ಗಪ್ಪನಿಗೆ ಅದು ಲೀಲಾಜಾಲ. ನನಗೆ ಪಕ್ಕದಿಂದ ನೋಡುವುದು ಆ ವರ್ಷ ಪೂರ್ತಿ ಬರಲಿಲ್ಲ. (ಡ್ರಾಯಿಂಗಿನಲ್ಲಿ ಮಾತ್ರ ಬರುವುದಿಲ್ಲ ಅಂದುಕೊಂಡಿದ್ದೆ. ಮುಂದೆ ಓದಿ.)

ನನ್ನ ಮಟ್ಟಿಗೆ ಹಾಸ್ಟೆಲಿನ ದೊಡ್ಡ ಸುಖ ಒಂದೇ: ಅಪ್ಪನ ಜೊತೆ ಉಣ್ಣಬೇಕಾಗಿಲ್ಲ. ನಮ್ಮ ಮನೆಯಲ್ಲಿ ಪಂಕ್ತಿಯ ನಿಯಮ ಕಟ್ಟುನಿಟ್ಟು. ಅಪ್ಪ ಏಳುವವರೆಗೆ ಯಾರೂ ಏಳುವಂತಿಲ್ಲ. ಅಪ್ಪ ಎದ್ದಮೇಲೆ ಯಾರೂ ಕೂರುವಂತಿಲ್ಲ. ಎಲೆಯಲ್ಲಿ ಏನೇ ಇರಲಿ, ಏಳಬೇಕು. ಹಾಗಾಗಿ ನಾನು ಹದಿನೇಳು ವರ್ಷ ಬಸ್ಸಿಗೆ ಹೊರಟವನ ಹಾಗೆ ಉಂಡವನು. ಹಾಸ್ಟೆಲಿಗೆ ಬಂದ ಮೊದಲ ದಿನವೇ ತೀರ್ಮಾನಿಸಿದೆ: ಇನ್ನು ಮೇಲೆ ಕೂತು, ಪೇಪರ್ ಓದುತ್ತಾ, ಹರಟೆ ಹೊಡೆಯುತ್ತಾ, ಎರಡೆರಡು ಸಲ ಕಾಫಿ ತರಿಸಿಕೊಂಡು ತಿಂಡಿ ತಿನ್ನುವುದು. ರಾಜನ ಹಾಗೆ.

ಮೆಸ್ಸಿನಲ್ಲಿ ಉದ್ದನೆಯ ಟೇಬಲ್ಲುಗಳು, ಎರಡೂ ಕಡೆ ಬೆಂಚು. ಬಂದವರು ಬಂದ ಹಾಗೆ ಕೂರುವುದು, ಉಂಡವರು ಉಂಡ ಹಾಗೆ ಏಳುವುದು. ಮೊದಲ ಸೋಮವಾರ ತಿಂಡಿಗೆ ಕೂತ ದುಗ್ಗಪ್ಪ ಮೆಸ್ಸಿನ ಬಾಗಿಲು ಹಾಕುವ ಹೊತ್ತಿಗೆ ಎದ್ದ. ಮಂಗಳವಾರವೂ ಅಷ್ಟೇ. ಇವನು ಎಷ್ಟು ತಿನ್ನುತ್ತಾನೆ ಮಾರಾಯ ಅಂತ ನಾವೆಲ್ಲ ಬೆರಗಾದೆವು. ಬುಧವಾರದ ಹೊತ್ತಿಗೆ ಅವನಿಗೆ ಬಕಾಸುರ ಅಂತ ಹೆಸರು ಬಿತ್ತು. ಇಟ್ಟವನು ನಾನೇ.

ಆಮೇಲೆ ದುಗ್ಗಪ್ಪ ಜಾಗ ಬದಲಿಸಿದ. ಕೈ ತೊಳೆಯುವ ನಲ್ಲಿಯ ಪಕ್ಕ, ಮೂಲೆಯಲ್ಲಿ, ಒಂದು ಸಣ್ಣ ಟೇಬಲ್ ಇತ್ತು. ಇಬ್ಬರು ಮಾತ್ರ ಕೂರಬಹುದು. ಒಂದು ಕಾಲು ಗಿಡ್ಡ, ಲೋಟ ಇಟ್ಟರೆ ಜಾರುತ್ತಿತ್ತು, ನೀರು ಬೇರೆ ಸಿಡಿಯುತ್ತಿತ್ತು. ಅಲ್ಲಿ ಯಾರೂ ಕೂರುತ್ತಿರಲಿಲ್ಲ. ದುಗ್ಗಪ್ಪ ಗಿಡ್ಡ ಕಾಲಿನ ಕೆಳಗೆ ಒಂದು ಹೆಂಚಿನ ಚೂರು ಕೊಟ್ಟು ಅಲ್ಲಿ ಕೂರತೊಡಗಿದ.

ಪಾಪ, ಒಂಟಿ ಕೂರುತ್ತಾನಲ್ಲ ಅನ್ನಿಸಿತು ನನಗೆ. ದಿನಾ ಅವನ ಎದುರು ಹೋಗಿ ಕೂತೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಾವಿಬ್ಬರೂ ಬೇರೆ ಬೇರೆ ಬ್ಯಾಚು. ನನಗೆ ಮೊದಲ ಕ್ಲಾಸು ಒಂಬತ್ತಕ್ಕೆ. ಅವನಿಗೆ ವಾರದಲ್ಲಿ ಮೂರು ದಿನ ಬೆಳಿಗ್ಗೆ ಎಂಟಕ್ಕೆ ವರ್ಕ್‌ಶಾಪ್. ಖಾಕಿ ಹಾಕಿಕೊಂಡು ಹೋಗಿ, ಕಬ್ಬಿಣದ ಚೂರನ್ನು ಇಕ್ಕಳದ ಹಾಗಿರುವ ವೈಸಿಗೆ ಸಿಕ್ಕಿಸಿ, ಅರದಿಂದ ಉಜ್ಜಿ ಉಜ್ಜಿ ಚೌಕ ಮಾಡುವ ಕೆಲಸ. ವರ್ಕ್‌ಶಾಪಿನ ಸೂಪರಿಂಟೆಂಡೆಂಟರು ಮೈಸೂರು ಕಡೆಯವರು. ಸಣ್ಣ ಆಳು, ನಶ್ಯದ ಡಬ್ಬಿ, ದೊಡ್ಡ ಸೀನು. ನಾವು ಅವರನ್ನು 'ಎಂಟು ಗಂಟೆ' ಅಂತಲೇ ಕರೆಯುತ್ತಿದ್ದೆವು. ಎಂಟು ಹೊಡೆದರೆ ಹಾಜರಿ ಪುಸ್ತಕ ಮುಚ್ಚುತ್ತಿದ್ದರು. ತಡವಾಗಿ ಬಂದವನು ಒಳಗೆ ಹೋಗಿ ಕೆಲಸ ಮಾಡಬಹುದು. ಹಾಜರಿ ಮಾತ್ರ ಇಲ್ಲ.

ನಾನು ಮೆಸ್ಸಿಗೆ ಹೋಗುತ್ತಿದ್ದುದು ಬಾಗಿಲು ತೆರೆಯುವ ಏಳೂವರೆಗೆ. ಏಳುತ್ತಿದ್ದುದು ಎಂಟೂಕಾಲಿಗೆ. ಅಷ್ಟು ಹೊತ್ತೂ ದುಗ್ಗಪ್ಪ ನನ್ನೆದುರು ಕೂತಿರುತ್ತಿದ್ದ. ಅವನ ತಟ್ಟೆಯ ಅಂಚಿನಲ್ಲಿ ಒಂದು ತುತ್ತು ಉಪ್ಪಿಟ್ಟು ಯಾವಾಗಲೂ ಇರುತ್ತಿತ್ತು. ಹಾಗಾಗಿ ಅವನದೂ ಆಗಿಲ್ಲ ಅಂತಲೇ ನನ್ನ ಲೆಕ್ಕ. ನಾನು ಸಿನಿಮಾ ಕಥೆ ಹೇಳುತ್ತಿದ್ದೆ, ಸಾಗರದ ಜಗಳಗಳನ್ನು ಹೇಳುತ್ತಿದ್ದೆ. ಅವನು ಹೂಂ ಅನ್ನುತ್ತಿದ್ದ. ನಾನು ಎದ್ದ ಕೂಡಲೇ ಆ ತುತ್ತನ್ನು ಬಾಯಿಗೆ ಹಾಕಿಕೊಂಡು, ಕೈ ತೊಳೆದು, ಓಟ. ನನ್ನ ಮಾತು ಅವನಿಗೆ ಎಷ್ಟು ಹಿಡಿಸಿದೆ, ಎದ್ದು ಹೋಗಲಿಕ್ಕೇ ಮನಸ್ಸಿಲ್ಲ ಪಾಪ ಅಂತ ಉಬ್ಬಿಹೋಗುತ್ತಿದ್ದೆ. ಇಷ್ಟು ಕುರುಡಾಗಿ ಇರಲು ಸಾಧ್ಯವೇ ಅಂತ ನೀವು ಕೇಳಬಹುದು. ಸಾಧ್ಯ. ಹದಿನೇಳನೇ ವಯಸ್ಸಿನಲ್ಲಿ ಎಲ್ಲವೂ ಸಾಧ್ಯ.

ವರ್ಷದ ಪರೀಕ್ಷೆಗೆ ಇನ್ನು ಎರಡು ತಿಂಗಳು ಇದ್ದಾಗ ನೋಟಿಸ್ ಬೋರ್ಡಿನಲ್ಲಿ ಒಂದು ಪಟ್ಟಿ ಬಿತ್ತು. ಹಾಜರಿ ಕಡಿಮೆ ಇದ್ದವರ ಹೆಸರು. ಇವರಿಗೆ ಪರೀಕ್ಷೆಗೆ ಕೂರಲು ಅನುಮತಿ ಇಲ್ಲ. ಸಿನಿಮಾ ಟಾಕೀಸಿನಲ್ಲೇ ವಾಸವಿದ್ದ ನಾಲ್ಕಾರು ಹುಡುಗರ ಹೆಸರು ನಿರೀಕ್ಷಿಸಿದ್ದೆವು, ಇತ್ತು. ಕೊನೆಯಲ್ಲಿ ದುಗ್ಗಪ್ಪನ ಹೆಸರು. ವಿಷಯ: ವರ್ಕ್‌ಶಾಪ್.

ನಾನು ನಕ್ಕೆ. ನಿಜಕ್ಕೂ ನಕ್ಕೆ. ಏನೋ ತಪ್ಪಾಗಿದೆ ಅಂದುಕೊಂಡೆ. ಅವನು ಒಂದು ದಿನವೂ ವರ್ಕ್‌ಶಾಪ್ ತಪ್ಪಿಸಿದವನಲ್ಲ. ಅವನ ಕೈಯ ಬೊಬ್ಬೆಗಳೇ ಸಾಕ್ಷಿ. ಓಡಿ ಹೋಗಿ ರೂಮಿನಲ್ಲಿ ಹೇಳಿದೆ.

ದುಗ್ಗಪ್ಪ ಪೆನ್ಸಿಲು ಕೆತ್ತುತ್ತಿದ್ದ. ಕೆತ್ತಿ ಮುಗಿಸಿದ. ಮೊನೆ ನೋಡಿದ. ಆಮೇಲೆ ಮಂಚದ ಕೆಳಗಿಂದ ಟ್ರಂಕು ಎಳೆದ.

"ಏನೋ ಮಾಡ್ತಾ ಇದ್ದೀಯ?"

"ಊರಿಗೆ ಹೋಗ್ತೀನಿ. ವರ್ಷ ಹೋತು ಅಂದ್ರೆ ಫೀಸು ಮಾಫಿಯ ಫ್ರೀಶಿಪ್ಪೂ ಹೋತು. ಮತ್ತೆ ಓದ್ಸು ಅಂತ ಅಪ್ಪಯ್ಯನ ಹತ್ರ ಹ್ಯಾಂಗ್ ಕೇಳದು? ಅಣ್ಣನ ಮುಖ ಹ್ಯಾಂಗ್ ನೋಡದು ಮಾರಾಯ?"

"ಹಾಗಾದ್ರೆ ನೀನು ಲೇಟಾಗಿ ಹೋಗ್ತಿದ್ಯಾ? ಯಾಕೆ?"

ನನ್ನ ಕಡೆ ನೋಡಿದ. "ಆತು, ಬಿಡು" ಅಂದ. ಅಂಗಿ ಮಡಿಸತೊಡಗಿದ. ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೊರಡುವುದು ಅಂತ ತೀರ್ಮಾನವಾಗಿತ್ತು.

ಮಧ್ಯಾಹ್ನ ಮೆಸ್ಸಿಗೆ ಒಬ್ಬನೇ ಹೋದೆ. ಅಡುಗೆಯ ಶೇಷಭಟ್ಟರು ಹೊಸನಗರದ ಕಡೆಯವರು. ಅವರದೂ ನಮ್ಮದೂ ಮನೆಮಾತು ಒಂದೇ, ಹಾಗಾಗಿ ನನ್ನನ್ನು ಬೈಯುವ ಹಕ್ಕು ತಮಗಿದೆ ಅಂತ ತಿಳಿದಿದ್ದರು. ದುಗ್ಗಪ್ಪ ಎಲ್ಲಿ ಅಂದರು. ಪಟ್ಟಿಯ ವಿಷಯ ಹೇಳಿದೆ. ಸೌಟು ಹಿಡಿದ ಕೈ ಹಾಗೇ ನಿಂತಿತು.

"ನಿಂಗೆ ಕಣ್ಣು ಕಾಣ್ತಿಲ್ಯ ಮಾಣಿ? ಅಂವ ತಿಂದಾಗಿ ಎಷ್ಟೊತ್ತಿಗೂ ಕೂತಿರ್ತ. ಎಂತಕ್ಕೆ? ನೀ ಏಳ್ತಿಲ್ಲೆ, ಅದ್ಕೆ!"

ಅವನು ತಿಂದಾಗಿರುತ್ತದೆ, ನೀನು ಏಳುವುದಿಲ್ಲ, ಅದಕ್ಕೆ ಅವನೂ ಏಳುವುದಿಲ್ಲ. ಇಷ್ಟೇ ಮಾತು. ಭಟ್ಟರು ಅಡುಗೆಮನೆಯ ಕಿಂಡಿಯಿಂದ ತಿಂಗಳುಗಟ್ಟಲೆ ನೋಡಿದ್ದರು. ಅವನು ಕಾಲುಗಂಟೆಯಲ್ಲಿ ಮುಗಿಸುತ್ತಿದ್ದ. ಒಂದು ತುತ್ತು ಉಳಿಸಿ ಇಟ್ಟುಕೊಳ್ಳುತ್ತಿದ್ದ. ನನಗೆ ಸಂಕೋಚ ಆಗದಿರಲಿ ಅಂತ.

ನಾಚಿಕೆ ಆಯಿತು. ಸಿಟ್ಟೂ ಬಂತು, ಅವನ ಮೇಲೇ. ಬಾಯಿ ಇಲ್ಲವೇ ಇವನಿಗೆ? ನನಗೆ ವರ್ಕ್‌ಶಾಪ್ ಇದೆ ಕಣೋ, ಎದ್ದೆ ಅಂದರೆ ಮುಗಿಯಿತಲ್ಲ! ಆದರೆ ಯೋಚಿಸಿ ನೋಡಿದರೆ, ನಮ್ಮ ಅಪ್ಪ ಎಲೆಯ ಮುಂದೆ ಕೂತಿರುವಾಗ ನಾನು ಹಾಗೆ ಹೇಳುತ್ತಿದ್ದೆನೇ?

ಇನ್ನೊಂದು ಮಾತು. ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ಆ ಕಾಲದಲ್ಲಿ ದುಗ್ಗಪ್ಪ ಸಾಗರದ ನಮ್ಮ ಮನೆಗೆ ಬಂದಿದ್ದರೆ ಅವನಿಗೆ ಎಲೆ ಹಾಕುತ್ತಿದ್ದುದು ಹೊರಗಿನ ಜಗಲಿಯಲ್ಲಿ. ನನಗೆ ಒಳಗೆ. ನಮ್ಮ ಪಂಕ್ತಿಯಲ್ಲಿ ಜಾಗವೇ ಇಲ್ಲದ ಹುಡುಗ ನನ್ನ ಜೊತೆ ಕೂತದ್ದನ್ನು ಪಂಕ್ತಿ ಅಂತ ತಿಳಿದು ಅದರ ಮರ್ಯಾದೆ ಕಾಪಾಡಿದ್ದ. ಇದು ನನಗೆ ಅಂದೇ ಹೊಳೆಯಿತು ಅಂತ ಹೇಳಿದರೆ ಚೆನ್ನಾಗಿರುತ್ತದೆ. ಇಲ್ಲ, ಹೊಳೆದದ್ದು ಎಷ್ಟೋ ವರ್ಷ ಕಳೆದ ಮೇಲೆ.

ಅಂದು ಹೊಳೆದದ್ದು ಒಂದೇ: ನಾಳೆ ಬೆಳಿಗ್ಗೆ ಬಸ್ಸು.

ವರ್ಕ್‌ಶಾಪಿನ ಕಡೆ ಹೊರಟೆ. ಬಾಗಿಲಿನವರೆಗೆ ಹೋಗಿ ವಾಪಸು ಬಂದೆ. ಮತ್ತೆ ಹೋದೆ. (ಧೈರ್ಯ ನಮ್ಮ ಮನೆತನದಲ್ಲಿ ಇಲ್ಲ.) ಮೂರನೇ ಸಲ ಒಳಗಿನಿಂದ ದೊಡ್ಡ ಸೀನು ಕೇಳಿತು, ಜೊತೆಗೇ "ಯಾರ್ರೀ ಅದು, ಕವಾಯತು ಮಾಡ್ತಿರೋದು?" ಅನ್ನುವ ದನಿ. ಒಳಗೆ ಹೋದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ, ಉಪ್ಪಿಟ್ಟಿಗೆ ಬರುವಾಗ ಕನ್ನಡಕ್ಕೆ ಬಿದ್ದೆ.

ಎಂಟು ಗಂಟೆಯವರು ಜವಾನನನ್ನು ಕಳಿಸಿ ದುಗ್ಗಪ್ಪನನ್ನು ಕರೆಸಿದರು. ಅವನು ಬಂದು, ಚಪ್ಪಲಿ ಹೊರಗೆ ಬಿಟ್ಟು, ಕೈ ಕಟ್ಟಿ ನಿಂತ.

"ಇವನು ತಿಂಡಿ ತಿನ್ನೋ ತನಕ ನೀನು ಕಾದು ಕೂತಿರ್ತಿದ್ಯಾ?"

ದುಗ್ಗಪ್ಪ ನನ್ನ ಕಡೆ ನೋಡಿದ. ಯಾಕೆ ಹೇಳಿದೆ ಅನ್ನುವ ಹಾಗೆ.

"ಹೂಂ ಸಾರ್."

"ಯಾಕೆ?"

"ಜೊತಿಗೆ ಕೂತಿರ್ತೀವಲ್ಲ ಸಾರ್. ನಾ ಎದ್ರೆ ಅವ ಅರ್ಧಕ್ಕೇ ಎದ್ದುಬಿಡ್ತಾನೆ ಅಂತ."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಇವನಾ? ಇವನು ಅರ್ಧಕ್ಕೆ ಏಳೋ ಗಿರಾಕಿ ಥರ ನಂಗೇನೂ ಕಾಣಲ್ಲ."

ಆಮೇಲೆ ಕೇಳಿದರು: "ನಿಮ್ಮನೇಲಿ ಇದು ಪದ್ಧತೀನಾ?"

ದುಗ್ಗಪ್ಪ ಆ ವರ್ಷ ಆಡಿದ ಅತಿ ಉದ್ದದ ಮಾತು ಇದೇ ಇರಬೇಕು. "ನಮ್ಮ ಅಜ್ಜಯ್ಯಂಗೆ ಹಲ್ಲಿಲ್ಲ ಸಾರ್. ಗದ್ದೆ ಕೆಲಸಕ್ಕೆ ಬಂದೋರು, ಮನೆಯೋರು, ಎಲ್ರೂ ಒಂದೇ ಸಾಲಲ್ಲಿ ಕೂರದು. ಉಳಿದೋರು ಎದ್ರು ಅಂದ್ರೆ ಅಜ್ಜಯ್ಯ ನಾಚ್ಕೊಂಡು ಎಲೆ ಮಡಿಸ್ತಾನೆ. ಹೊಟ್ಟೆ ತುಂಬಿರದಿಲ್ಲ. ಅದ್ಕೆ ಎಲ್ರೂ ಒಂದೊಂದು ತುತ್ತು ಇಟ್ಕೊಂಡು ಕೂತಿರದು."

ನೋಡಿ, ನಮ್ಮ ಮನೆಯಲ್ಲೂ ಪಂಕ್ತಿ ಇತ್ತು. ನಮ್ಮಲ್ಲಿ ಎಲ್ಲರೂ ಯಜಮಾನನಿಗಾಗಿ ಏಳುತ್ತಿದ್ದೆವು. ಅವರಲ್ಲಿ ಎಲ್ಲರೂ ಹಲ್ಲಿಲ್ಲದ ಮುದುಕನಿಗಾಗಿ ಕೂರುತ್ತಿದ್ದರು. ಆ ಗುಡ್ಡದ ಬುಡದಿಂದ ಅವನು ಟ್ರಂಕಿನ ಜೊತೆ ಇದನ್ನೂ ಹೊತ್ತು ತಂದಿದ್ದ. ಹಾಸ್ಟೆಲಿನ ಬೆಂಚಿನಲ್ಲಿ ಮೊದಲ ವಾರ ಅವನು ಪಂಕ್ತಿ ಮುಗಿಯಲಿ ಅಂತ ಕಾದ. ಅಲ್ಲಿ ಪಂಕ್ತಿಗೆ ಕೊನೆಯೇ ಇಲ್ಲ, ಮೂವರು ಎದ್ದರೆ ಇಬ್ಬರು ಬಂದು ಕೂರುತ್ತಾರೆ! ಅದಕ್ಕೇ ಇಬ್ಬರೇ ಕೂರುವ ಆ ಕುಂಟು ಟೇಬಲ್ಲಿಗೆ ಹೋದದ್ದು. ಅಲ್ಲಿಗೂ ಬಂದು ಕೂತೆ ನಾನು, ಪೇಪರ್ ಸಮೇತ.

ಎಂಟು ಗಂಟೆಯವರು ನಶ್ಯ ಏರಿಸಿದರು. ಸೀನಲಿಲ್ಲ. ಹಾಜರಿ ಪುಸ್ತಕ ತೆಗೆದು ಬಹಳ ಹೊತ್ತು ನೋಡಿದರು.

"ನಾನು ಸುಳ್ಳು ಹಾಜರಿ ಹಾಕೋನಲ್ಲ. ನೀನು ಲೇಟು ಅಂದ್ರೆ ಲೇಟೇ. ಆದ್ರೆ ಎಕ್ಸ್‌ಟ್ರಾ ಕ್ಲಾಸು ಇಡೋ ಅಧಿಕಾರ ನಂಗಿದೆ. ಇನ್ನು ಮೇಲೆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಾ. ಪರೀಕ್ಷೆಗೆ ಬೇಕಾದಷ್ಟು ಹಾಜರಿ ಆಗೋವರ್ಗೂ ಬರ್ಬೇಕು. ಅರ ಹಿಡಿ, ಕೆಲಸ ಮಾಡು, ಹಾಜರಿ ತಗೋ." ಆಮೇಲೆ ನನ್ನ ಕಡೆ ತಿರುಗಿದರು. "ನೀನೂ ಬರ್ತೀಯ."

"ನನ್ನ ಹಾಜರಿ ಸರಿ ಇದೆ ಸಾರ್."

"ಗೊತ್ತು. ನಿಂಗೆ ಕೆಲಸ ಇಲ್ಲ. ಆ ಸ್ಟೂಲ್ ಮೇಲೆ ಕೂತ್ಕೋ. ಇವನು ಮುಗ್ಸೋ ತನಕ ಏಳಕೂಡದು. ಪೇಪರ್ ತರಕೂಡದು."

ಭಾನುವಾರದ ಬೆಳಿಗ್ಗೆಗಳೆಲ್ಲ ಹೋದವು. ಹಾಸ್ಟೆಲಿನ ಹುಡುಗರೆಲ್ಲ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಕ್ಯೂ ನಿಂತಿರುವಾಗ ನಾನು ಮೂರು ಕಾಲಿನ ಒಂದು ಸ್ಟೂಲಿನ ಮೇಲೆ. ಎದುರು ದುಗ್ಗಪ್ಪ, ವೈಸು, ಕಬ್ಬಿಣದ ಚೂರು. ಅರದ ಸದ್ದು ಬಿಟ್ಟರೆ ಸದ್ದಿಲ್ಲ. ಅಲ್ಲಾಡಿದರೆ ಸ್ಟೂಲು ಕಿರುಗುಟ್ಟುತ್ತಿತ್ತು. ಮೊದಲ ಭಾನುವಾರ ಅರ್ಧ ಗಂಟೆಯಲ್ಲಿ ನಾನು ಎಷ್ಟು ಸಲ ನಿಟ್ಟುಸಿರು ಬಿಟ್ಟೆ ಅನ್ನುವುದು ನನಗೆ ಗೊತ್ತಿಲ್ಲ. ದುಗ್ಗಪ್ಪನಿಗೆ ಗೊತ್ತಿತ್ತು. ಅವನು ಅವಸರ ಮಾಡಿದ. ನಾನು ಕಾಯುತ್ತಿದ್ದೇನಲ್ಲ ಅಂತ ಕೈ ಜೋರು ಮಾಡಿದ. ಅರ ಜಾರಿತು, ಮೂಲೆ ಹೋಯಿತು, ಚೌಕ ಕೆಟ್ಟಿತು. ಎಂಟು ಗಂಟೆಯವರು ಆ ಚೂರನ್ನು ಬುಟ್ಟಿಗೆ ಎಸೆದು ಹೊಸದು ಕೊಟ್ಟರು. ಬೈದದ್ದು ನನಗೆ.

"ಕಾಯಕ್ಕೂ ಬರಲ್ವೇನಯ್ಯ ನಿಂಗೆ?"

ಬರುತ್ತಿರಲಿಲ್ಲ, ಅದು ನಿಜ. ಕಾಯುವುದು ಅಂದರೆ ಸುಮ್ಮನೆ ಕೂರುವುದು ಅಂತ ತಿಳಿದಿದ್ದೆ. ಎದುರಿನವನಿಗೆ ತನಗಾಗಿ ಯಾರೋ ಕಾಯುತ್ತಿದ್ದಾರೆ ಅನ್ನಿಸದ ಹಾಗೆ ಕೂರಬೇಕು. ದುಗ್ಗಪ್ಪ ನನ್ನೆದುರು ತಿಂಗಳುಗಟ್ಟಲೆ ಹಾಗೆ ಕೂತಿದ್ದ. ಗಡಿಯಾರ ನೋಡಲಿಲ್ಲ, ಮೈ ಮುರಿಯಲಿಲ್ಲ, ನನ್ನ ಹಳಸಲು ಸಿನಿಮಾ ಕಥೆಗೆ ಹೂಂ ಅಂದ. ಒಳಗೆ ಅವನ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತೋ! ಆ ಸ್ಟೂಲಿನ ಮೇಲೆ ಕೂತು ಅದನ್ನು ನೆನೆದಾಗ ನನಗೆ ಅಳು ಬಂತು. ಕಬ್ಬಿಣದ ಪುಡಿ ಕಣ್ಣಿಗೆ ಬಿತ್ತು ಅಂದೆ. ಅವನು ನಂಬಿದ ಹಾಗೆ ಮಾಡಿದ.

ಮುಂದಿನ ಭಾನುವಾರ ನಾನೂ ಒಂದು ಹಳೆಯ ಕಬ್ಬಿಣದ ಚೂರು ಮತ್ತು ಮೊಂಡಾದ ಒಂದು ಅರ ಹುಡುಕಿಕೊಂಡೆ. ಸ್ಟೂಲಿನ ಮೇಲೆ ಕೂತೇ ಸುಮ್ಮನೆ ಉಜ್ಜುತ್ತಿದ್ದೆ. ಏನೂ ಮಾಡುವುದಕ್ಕಲ್ಲ. ನನ್ನದೂ ಇನ್ನೂ ಆಗಿಲ್ಲ ಅಂತ ಅವನಿಗೆ ಅನ್ನಿಸಲಿ ಅಂತ. ಎಂಟು ಗಂಟೆಯವರು ನೋಡಿದರು, ನಶ್ಯದ ಡಬ್ಬಿ ತೆಗೆದರು. ಆ ದಿನ ದುಗ್ಗಪ್ಪನ ಚೌಕ ಎಷ್ಟು ನೇರ ಬಂತೆಂದರೆ ಅವರು ಅದನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದರು.

ಪರೀಕ್ಷೆಗೆ ಒಂದು ವಾರ ಇರುವಾಗ ಪಟ್ಟಿಯಿಂದ ದುಗ್ಗಪ್ಪನ ಹೆಸರು ಹೊಡೆದು ಹಾಕಿದರು. ಪರೀಕ್ಷೆ ಬರೆದ, ಪಾಸಾದ. ನಾನು ಡ್ರಾಯಿಂಗಿನಲ್ಲಿ ಡುಮ್ಕಿ ಹೊಡೆದೆ. (ಮರುಪರೀಕ್ಷೆಗೆ ನನಗೆ ಪಾಠ ಹೇಳಿಕೊಟ್ಟವನು ಯಾರು ಅಂತ ಬೇರೆ ಹೇಳಬೇಕೇ?)

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖವಾಗಿತ್ತು.

ಎರಡನೇ ವರ್ಷ ಶುರುವಾದ ಮೊದಲ ದಿನ ಮೆಸ್ಸಿನಲ್ಲಿ ದುಗ್ಗಪ್ಪ ಉದ್ದದ ಬೆಂಚಿನಲ್ಲಿ ಕೂತಿದ್ದ. ಎದುರು ಹೋಗಿ ಕೂತೆ. ಅವನು ಇಡ್ಲಿ ತಿಂದ. ಅಂಚಿನಲ್ಲಿ ಏನೂ ಉಳಿಸದೆ ತಿಂದ. ನನ್ನದು ಅರ್ಧವೂ ಆಗಿರಲಿಲ್ಲ. "ಬರ್ತೀನಿ" ಅಂತ ಎದ್ದ, ಕೈ ತೊಳೆದ, ಹೋದ.

ಸರಿಯೇ ಮಾಡಿದ. ಹಾಗೇ ಮಾಡಬೇಕು ಅಂತ ನಾನೇ ನೂರು ಸಲ ಹೇಳಿದ್ದೆ. ಆದರೂ ಆ ಇಡ್ಲಿ ನನಗೆ ರುಚಿಸಲಿಲ್ಲ. ಸಂಜೆ ರೂಮಿನಲ್ಲಿ ಕೇಳಿದೆ, "ಏನಯ್ಯ, ಬಿಟ್ಟೇ ಹೋದ್ಯಲ್ಲ?"

"ಎಂತ ಮಾಡದು ಮಾರಾಯ. ಕಲ್ತ್ಕೊಂಡೆ" ಅಂದು ನಕ್ಕ.

ಹೊಂದಿಕೊಳ್ಳುವುದು ಅಂತೇವಲ್ಲ, ಅದೇ ಇದು. ಮೊದಲ ವರ್ಷದ ಮಕ್ಕಳಿಗೆ ಎಲ್ಲರೂ ಹೇಳುವ ಬುದ್ಧಿಮಾತೂ ಅದೇ. ಹೊಂದಿಕೋ, ಅಡ್ಜಸ್ಟ್ ಆಗು, ಇಂಗ್ಲಿಷ್ ಕಲಿ, ಷೂ ಹಾಕು, ಗಂಟೆಗೆ ಸರಿಯಾಗಿ ಓಡು. ಎಲ್ಲ ಸರಿ. ನಾವೂ ಕಲಿತೆವು, ಓಡಿದೆವು. ದುಗ್ಗಪ್ಪ ಮುಂದೆ ಸರ್ಕಾರಿ ಇಂಜಿನಿಯರಾಗಿ ಸೇತುವೆಗಳನ್ನು ಕಟ್ಟಿಸಿದ. ಒಂದೂ ಬಿದ್ದಿಲ್ಲ. ನಾನು ಇಂಜಿನಿಯರಿಂಗ್ ಮುಗಿಸಿ ಪೇಪರಿಗೆ ಬರೆಯುವವನಾದೆ. (ಹಾಗಾಗಿ ನನ್ನದೂ ಒಂದೂ ಬಿದ್ದಿಲ್ಲ.) ಆದರೆ ಕಲಿಯುವಾಗ ಏನನ್ನು ಕೆಳಗಿಟ್ಟು ಬಂದೆವು ಅಂತ ಯಾರಾದರೂ ಕೇಳಿದರೇ? ಕೆಳಗಿಟ್ಟದ್ದು ಮತ್ತೆ ಸಿಗುತ್ತದೆಯೇ?

ಸಿಗುವುದಿಲ್ಲ ಅಂತಲೇ ನಂಬಿದ್ದೆ, ಹೋದ ಭಾನುವಾರದವರೆಗೆ.

ಆ ಹುಡುಗಿಯ ಎಲೆ ನೋಡಿದ ಮೇಲೆ ಕೇಳಿದೆ: "ಈ ತುತ್ತು ಇಟ್ಕೊಳ್ಳೋದು ಯಾರು ಹೇಳಿಕೊಟ್ರು ಮಗಾ?"

"ಯಾರೂ ಹೇಳಿಕೊಟ್ಟಿಲ್ಲ ಅಜ್ಜ. ಮನೇಲಿ ಅಜ್ಜ ಹೀಂಗೇ ಮಾಡದು. ಅಜ್ಜಿದು ಆಗದೆ ಅವರು ಏಳದಿಲ್ಲ. ನೋಡಿ ನೋಡಿ ನಮಗೂ ಅದೇ ಅಭ್ಯಾಸ ಆಗೋಯ್ತು."

ಅಂದರೆ ಹಾಸ್ಟೆಲಿನಲ್ಲಿ ಬಿಟ್ಟದ್ದನ್ನು ದುಗ್ಗಪ್ಪ ಊರಿಗೆ ಹೋಗಿ ಮತ್ತೆ ಎತ್ತಿಕೊಂಡಿದ್ದಾನೆ! ಅಷ್ಟರಲ್ಲಿ ಎಲೆ ಸುತ್ತುವವನು ನಮ್ಮ ಹತ್ತಿರ ಬಂದೇ ಬಂದ. ಅವಳು ಎಡಗೈ ಅಡ್ಡ ಹಿಡಿದು, "ಅಣ್ಣ, ನಂದು ಇನ್ನೂ ಆಗಿಲ್ಲ" ಅಂದಳು. ನಂದು ಅಂದಳು, ನನ್ನ ಕಡೆ ತೋರಿಸಲಿಲ್ಲ. ಅವನು ಅಲ್ಲಿಗೇ ಬಿಟ್ಟು ಪಕ್ಕದ ಸಾಲಿಗೆ ಹೋದ. ಬೆನ್ನ ಹಿಂದೆ ನಿಂತವರ ಉಸಿರು ಜೋರಾಯಿತು. ಅವಳು ಅದನ್ನು ಕೇಳಿಸಿಕೊಳ್ಳಲೇ ಇಲ್ಲ.

"ಅಜ್ಜ, ಹಾಸ್ಟೆಲಲ್ಲಿ ಹ್ಯಾಂಗಿರ್ಬೇಕು? ನೀವು ಇದ್ದೋರಲ್ವಾ, ಎಂತಾದ್ರೂ ಹೇಳಿ" ಅಂದಳು.

ಹೇಳುವುದಕ್ಕೆ ಒಂದೇ ಮಾತು ಇತ್ತು. ಅವಳ ಅಜ್ಜನಿಗೆ ಅದನ್ನು ಯಾರೂ ಮೊದಲೇ ಹೇಳದೆ ಒಂದು ವರ್ಷವೇ ಹೋಗುವುದರಲ್ಲಿತ್ತು. ಮಗಾ, ಅಲ್ಲಿ ಯಾರಿಗೂ ಕಾಯಬೇಡ, ನಿಂದು ಆದ ತಕ್ಷಣ ಎದ್ದು ಹೋಗಿಬಿಡು. ಬಾಯಿಯವರೆಗೆ ಬಂತು. ಸೋಮವಾರ ಹೊರಡುವ ಹುಡುಗಿ, ಹೇಳಲೇಬೇಕಿತ್ತು.

ಹೇಳಲಿಲ್ಲ, ನನ್ನ ಎಲೆಯಲ್ಲಿ ಇನ್ನೂ ಮೊಸರನ್ನ ಇತ್ತು.